ಯಾವ ಎಣ್ಣೆ ಒಳ್ಳೆಣ್ಣೆ?

‘ಎಣ್ಣೆ’ ಎಂಬ ಎರಡಕ್ಷರದೊಳಗೆ ಎಳ್ಳಿನ ಕಾಳೊಂದು ಕೂತಿದೆ. ಎಳ್ ಮತ್ತು ನೆಯ್ ಕೂಡಿ ಎಣ್ಣೆಯಾಯಿತು. ನೆಯ್ ಎಂದರೆ ಜಿಡ್ಡು, ತುಪ್ಪ. ತಮಿಳಿನ ‘ಎಣ್ಣೆಯ್’ನಲ್ಲಿ ಈ ಜೋಡಣೆ ಇಂದಿಗೂ ಎದ್ದು ಕಾಣುತ್ತದೆ. ಕನ್ನಡದಲ್ಲಿ ಕೊನೆಯ ಯಕಾರ ಉದುರಿ ಬೆಸುಗೆಯ ಗುರುತು ಮಾಸಿದೆ. ಹಳಗನ್ನಡದಲ್ಲಿ ನೆಯ್ ತಾನೇ ತಾನಾಗಿ ಬಾಳಿದ ಪದ. ಮುಂದೆ ತುಪ್ಪ ಅದರ ಜಾಗಕ್ಕೆ ಬಂದು ಕೂತಿತು. ತಮಿಳರ ನೆಯ್, ತೆಲುಗರ ನೆಯ್ಯಿ ಈಗಲೂ ಊಟದ ಎಲೆಯ ಮೇಲಿವೆ. ನಮ್ಮಲ್ಲಿ ಅದು ಬೇರೆ ಪದಗಳ ಬಾಲದಲ್ಲಿ ಉಳಿದುಕೊಂಡಿದೆ. ಬೆಣ್ಣೆಯನ್ನು ಬಿಡಿಸಿ ನೋಡಿ: ಬೆಳ್ ಮತ್ತು ನೆಯ್, ಅಂದರೆ ಬೆಳ್ಳನೆಯ ಜಿಡ್ಡು. ಎಣ್ಣೆ, ಬೆಣ್ಣೆ ಎರಡೂ ಒಂದೇ ಮನೆಯ ಮಕ್ಕಳು.

ಹಾಗಾದರೆ ಮೊದಮೊದಲು ಎಣ್ಣೆ ಎಂದರೆ ಎಳ್ಳಿನದು ಮಾತ್ರ. ಸಂಸ್ಕೃತದ ತೈಲವೂ ಹೀಗೆಯೇ ಹುಟ್ಟಿದ್ದು: ತಿಲದಿಂದ ಬಂದದ್ದು ತೈಲ. ತೆಲುಗಿನ ನೂನೆಯಲ್ಲಿ ನುವ್ವು ಇದೆ, ಅದೂ ಎಳ್ಳೇ. ಗ್ರೀಸಿನಲ್ಲಿ ಆಲಿವ್ ಮರವಿತ್ತು. ಆಲಿವ್‌ಗೆ ಅವರು ‘ಎಲೈಯ’ ಎಂದರು, ಅದರ ರಸಕ್ಕೆ ‘ಎಲೈಯೋನ್’ ಎಂದರು. ಲ್ಯಾಟಿನ್ನಿಗೆ ಹೋಗಿ ‘ಓಲಿಯಂ’ ಆದ ಆ ಪದ ಇಂಗ್ಲಿಷಿಗೆ ಬಂದು ‘ಆಯಿಲ್’ ಆಯಿತು. ಬೇರೆ ಬೇರೆ ಭಾಷೆಗಳು ಒಂದೇ ದಾರಿ ಹಿಡಿದಿವೆ. ಪ್ರತಿಯೊಂದೂ ತನ್ನ ನೆಲದ ಒಂದು ಬೀಜಕ್ಕೋ ಹಣ್ಣಿಗೋ ಹೆಸರಿಟ್ಟು ಹೊರಟಿತು, ಹೋಗುತ್ತ ಹೋಗುತ್ತ ಆ ಬೀಜವನ್ನು ಮರೆತುಬಿಟ್ಟಿತು. ಈ ಮರೆವು ಎಷ್ಟು ಗಟ್ಟಿಯಾದದ್ದೆಂದರೆ ನಾವು ‘ಎಳ್ಳೆಣ್ಣೆ’ ಎನ್ನುತ್ತೇವೆ, ಸಂಸ್ಕೃತದವರು ‘ತಿಲತೈಲ’ ಎಂದರು. ಎರಡರಲ್ಲೂ ಎಳ್ಳು ಎರಡೆರಡು ಸಲ ಬಂದಿದೆ, ಯಾರಿಗೂ ಅದು ಅತಿಯಾಯಿತು ಅನ್ನಿಸಿಲ್ಲ.

ಬೀದರ್ ಜಿಲ್ಲೆಯಲ್ಲಿ ಎಳ್ಳನ್ನು ಅಷ್ಟು ಸುಲಭವಾಗಿ ಮರೆಯಲಾಗದು. ಎಳ್ಳಮವಾಸ್ಯೆಯ ದಿನ ಭಾಲ್ಕಿ, ಔರಾದ್ ಕಡೆಯ ಊರುಗಳು ಮನೆಗೆ ಬೀಗ ಹಾಕಿಕೊಂಡು ಹೊಲಕ್ಕೆ ಹೋಗುತ್ತವೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಭಜ್ಜಿ, ಅಂಬಲಿ ಕಟ್ಟಿಕೊಂಡು ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ ಉಣ್ಣುತ್ತಾರೆ. ಈಗ ಅದೇ ಹೊಲಗಳಲ್ಲಿ ಸೋಯಾ ಹೆಚ್ಚು. ಕುಸುಬಿಯ ಹಳದಿ ಹೂವು ಕಡಿಮೆಯಾಗಿದೆ. ಆದರೂ ಹಬ್ಬದ ಹೆಸರಿನಲ್ಲಿ ಎಳ್ಳು ಕದಲದೆ ನಿಂತಿದೆ.

ಎಣ್ಣೆ ಎಳ್ಳನ್ನು ಮರೆತ ಮೇಲೆ ಭಾಷೆಗೊಂದು ಕೆಲಸ ಬಿತ್ತು: ಎಣ್ಣೆ ಎಂದರೆ ಸಾಲದು, ಯಾವ ಎಣ್ಣೆ ಎಂದು ಹೇಳಬೇಕು. ಕನ್ನಡ ಇದನ್ನು ಮೂರು ಬಗೆಯಲ್ಲಿ ಮಾಡಿತು. ಕೊಬ್ಬರಿ ಎಣ್ಣೆ, ಕುಸುಬಿ ಎಣ್ಣೆ, ಔಡಲೆಣ್ಣೆ ಎಂದಾಗ ಹುಟ್ಟನ್ನು ಹೇಳಿತು. ಸೊಡರೆಣ್ಣೆ, ಕೀಲೆಣ್ಣೆ ಎಂದಾಗ ಕೆಲಸವನ್ನು ಹೇಳಿತು. ಸೊಡರ್ ಎಂದರೆ ದೀಪ, ಕೀಲೆಣ್ಣೆ ಬಂಡಿಯ ಅಚ್ಚಿನದು. ಸೀಮೆಎಣ್ಣೆ ಎಂದಾಗ ಬಂದ ದಾರಿಯನ್ನು ಹೇಳಿತು: ನಮ್ಮ ಗಡಿಯಾಚೆಯಿಂದ ಬಂದದ್ದು. ಸೀಮೆಸುಣ್ಣ, ಸೀಮೆಹುಣಸೆ, ಸೀಮೆಬದನೆಗಳ ಸಾಲಿನಲ್ಲಿ ಅದೂ ನಿಂತಿತು. ಬೀದರ್ ಸೀಮೆಯಲ್ಲಿ ಸೀಮೆಎಣ್ಣೆಗಿಂತ ‘ಘಾಸಲೇಟ್’ ಎಂಬ ಮಾತು ಹೆಚ್ಚು ಹತ್ತಿರದ್ದು. ಮರಾಠಿಯಿಂದ ಬಂದ ಈ ಪದ ಮೂಲದಲ್ಲಿ ಇಂಗ್ಲಿಷಿನ ಗ್ಯಾಸ್‌ಲೈಟ್. ಮರಾಠಿಯವರದೇ ಇನ್ನೊಂದು ಪದ ‘ರಾಕೇಲ್’, ಅದು ರಾಕ್ ಆಯಿಲ್, ಅಂದರೆ ಕಲ್ಲಿನ ಎಣ್ಣೆ. ಇದೇ ಊರಿನ ದಖ್ಖನಿಯಲ್ಲಿ ‘ಮಿಟ್ಟಿ ಕಾ ತೇಲ್’, ಅಂದರೆ ಮಣ್ಣಿನ ಎಣ್ಣೆ. ಒಂದೇ ಡಬ್ಬಿಯ ವಸ್ತುವನ್ನು ಒಬ್ಬರು ಬೆಳಕಿನಿಂದ, ಒಬ್ಬರು ಕಲ್ಲಿನಿಂದ, ಒಬ್ಬರು ಮಣ್ಣಿನಿಂದ, ಮತ್ತೊಬ್ಬರು ದೂರದಿಂದ ಗುರುತಿಸಿದರು.

ಎಣ್ಣೆ ತೆಗೆಯುವವರಿಗೂ ಹೆಸರಿನ ಇತಿಹಾಸವಿದೆ. ಕನ್ನಡ ಶಾಸನಗಳಲ್ಲಿ ಅವರು ‘ತೆಲ್ಲಿಗರು’. ತೈಲಿಕ ಎಂಬುದರ ತದ್ಭವ. ಗುಡಿಯ ನಂದಾದೀವಿಗೆಗೆ ಗಾಣಕ್ಕಿಷ್ಟು ಎಣ್ಣೆ ಎಂದು ದಾನ ಬಿಟ್ಟ ಶಾಸನಗಳು ನಾಡಿನ ತುಂಬ ಇವೆ, ಅಳತೆಗೆ ‘ಸೊಲ್ಲಗೆ’ ಎಂಬ ಸೌಟಿನ ಹೆಸರೂ ಅವುಗಳಲ್ಲಿದೆ. ಬೀದರ್ ಜಿಲ್ಲೆಯ ಬಸವಕಲ್ಯಾಣ 12ನೇ ಶತಮಾನದಲ್ಲಿ ಶರಣರ ಕಲ್ಯಾಣವಾಗಿದ್ದಾಗ ಗಾಣದ ಕಣ್ಣಪ್ಪ ಎಂಬ ಶರಣರ ಹೆಸರಿನೊಳಗೇ ಕಸುಬು ಸೇರಿತ್ತು.

ಈ ಎಣ್ಣೆಗಳ ನಡುವೆ ಒಂದಕ್ಕೆ ಮಾತ್ರ ಹುಟ್ಟಿನ ಹೆಸರೂ ಬೇಡವಾಯಿತು, ಕೆಲಸದ ಹೆಸರೂ ಬೇಡವಾಯಿತು. ಅದು ಒಳ್ಳೆಣ್ಣೆ. ನಿಘಂಟು ತೆರೆದರೆ ಒಳ್ಳೆಣ್ಣೆ ಎಂದರೆ ಎಳ್ಳೆಣ್ಣೆ. ತಮಿಳರ ನಲ್ಲೆಣ್ಣೆಯೂ ತೆಲುಗರ ಮಂಚಿ ನೂನೆಯೂ ಅದೇ. ಆ ಕಾಲದಲ್ಲಿ ಅಂಗಡಿಗೆ ಹೋಗಿ ‘ಒಳ್ಳೆಣ್ಣೆ ಕೊಡಿ’ ಎಂದವರಿಗೆ ತಮಗೆ ಏನು ಬೇಕು ಎಂಬುದು ಖಚಿತವಾಗಿ ಗೊತ್ತಿತ್ತು, ಕೊಡುವವನಿಗೂ ಗೊತ್ತಿತ್ತು. ‘ಒಳ್ಳೆ’ ಎಂಬುದು ಅಲ್ಲಿ ಹೊಗಳಿಕೆಯಲ್ಲ, ಗುರುತು.

ಇಂದು ಬೀದರಿನ ಚಿದ್ರಿಯಲ್ಲೋ ಭಾಲ್ಕಿಯ ಬಸ್ ನಿಲ್ದಾಣದ ಬಳಿಯಲ್ಲೋ ಒಂದು ಗ್ಯಾರೇಜಿಗೆ ಕಾರು ತಂದವರು ಆಡುವ ಮಾತು ಕೇಳಿ. ‘ಉಸ್ತಾದ್, ಆಯಿಲ್ ಬದ್ಲಿ ಮಾಡ್ರಿ.’ ‘ಯಾವ್ದು ಹಾಕ್ಲಿ ಸಾರ್?’ ‘ಛಲೋದ್ ಹಾಕ್ರಿ.’ ಇಲ್ಲಿನ ‘ಛಲೋದು’ ಯಾವ ಎಣ್ಣೆಯನ್ನೂ ಗುರುತಿಸುವುದಿಲ್ಲ. ಉಸ್ತಾದರಿಗೆ ಒಳ್ಳೆಯದು ಎಂದರೆ ತಮ್ಮ ಕಪಾಟಿನಲ್ಲಿ ಇರುವುದು, ತಮಗೆ ರೂಢಿಯಾದದ್ದು. ಮಾಲೀಕರಿಗೆ ಒಳ್ಳೆಯದು ಎಂದರೆ ದುಬಾರಿಯದು. ಎಂಜಿನ್ನಿಗೆ ಒಳ್ಳೆಯದು ಯಾವುದೆಂದು ಇಬ್ಬರೂ ಹೇಳಲಿಲ್ಲ. ಎಣ್ಣೆ ಎಂಬ ಪದಕ್ಕೆ ಮುಂದಿನಿಂದ ಒಂದು ಪದ ಕೂಡಿಸದೆ ಅರ್ಥವಿಲ್ಲ ಎಂದು ಕನ್ನಡ ಸಾವಿರ ವರ್ಷ ನಡೆದುಕೊಂಡು ಬಂದಿದೆ. ಕಾರಿನ ಹತ್ತಿರ ಬಂದಾಗ ನಾವು ಆ ಶಿಸ್ತನ್ನು ಕೈಬಿಟ್ಟಿದ್ದೇವೆ.

ಎಂಜಿನ್ನಿನ ಎಣ್ಣೆಗೆ ನಮ್ಮಲ್ಲಿ ಹಳೆಯ ಹೆಸರು ಇಲ್ಲದಿರಲಿಲ್ಲ. ಕೀಲೆಣ್ಣೆ ಸೊಗಸಾದ ಪದ. ಮರದ ಅಚ್ಚಿನ ಮೇಲೆ ಗಾಲಿ ತಿರುಗುವಾಗ ಕಿರುಗುಟ್ಟದಂತೆ, ಕಾವು ಏರಿ ಹೊತ್ತಿಕೊಳ್ಳದಂತೆ ಹಚ್ಚುತ್ತಿದ್ದ ಜಿಡ್ಡು ಅದು. ದೇವಣಿ ಎತ್ತುಗಳ ಗಾಡಿ ಸಂತೆಗೆ ಹೊರಟರೆ ಅಡಿಯಲ್ಲಿ ಕೀಲೆಣ್ಣೆಯ ಬಿದಿರು ಕೊಳವೆ ತೂಗುತ್ತಿತ್ತು. ಒಳಗೆ ಇದ್ದದ್ದು ಬಹುಪಾಲು ಔಡಲೆಣ್ಣೆ. ಸುಟ್ಟ ಹುಲ್ಲಿನ ಕರಿ ಕಲಸಿ ಅದನ್ನು ಇನ್ನಷ್ಟು ಮಂದವಾಗಿಸುವ ರೂಢಿಯೂ ಇತ್ತು. ದಕ್ಷಿಣದವರು ಹರಳೆಣ್ಣೆ ಎನ್ನುವುದನ್ನೇ ನಾವು ಔಡಲೆಣ್ಣೆ ಎನ್ನುತ್ತೇವೆ, ದಖ್ಖನಿಯಲ್ಲಿ ಅರಂಡಿ. ಬೀದರ್ 1956ರವರೆಗೆ ಸೇರಿದ್ದ ಹೈದರಾಬಾದ್ ರಾಜ್ಯ ಔಡಲದ ಬೆಳೆಗೆ ಹೆಸರಾಗಿತ್ತು.

ಅಚ್ಚಿಗೆ ಔಡಲವನ್ನೇ ಆರಿಸಿದ್ದರಲ್ಲಿ ತಲೆಮಾರುಗಳ ಅನುಭವವಿದೆ, ರಸಾಯನಶಾಸ್ತ್ರ ಅದನ್ನು ಆಮೇಲೆ ವಿವರಿಸಿತು. ಔಡಲೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ನೂರಕ್ಕೆ 90ರಷ್ಟು ರಿಸಿನೋಲಿಕ್ ಆಮ್ಲ. ಅಡುಗೆ ಎಣ್ಣೆಗಳಲ್ಲಿಲ್ಲದ ಒಂದು ಹೈಡ್ರಾಕ್ಸಿಲ್ ಗುಂಪು ಅದರ ಅಣುವಿನ ನಡುವೆ ಇದೆ. ಅದರಿಂದಾಗಿ ಔಡಲೆಣ್ಣೆ ಬಹಳ ಮಂದ, ಲೋಹಕ್ಕೆ ಬಿಗಿಯಾಗಿ ಅಂಟಿ ನಿಲ್ಲುತ್ತದೆ. ಪೆಟ್ರೋಲಿನಲ್ಲಿ ಅದು ಸುಲಭಕ್ಕೆ ಕರಗುವುದೂ ಇಲ್ಲ. ಈ ಕೊನೆಯ ಗುಣವೇ ಮೊದಲನೆಯ ಮಹಾಯುದ್ಧದಲ್ಲಿ ಅದನ್ನು ಆಕಾಶಕ್ಕೇರಿಸಿತು. ಆ ಕಾಲದ ಗ್ನೋಮ್, ಲ ರೋನ್ ಹೆಸರಿನ ರೋಟರಿ ಎಂಜಿನ್ನುಗಳಲ್ಲಿ ಸಿಲಿಂಡರುಗಳೇ ಗರಗರ ತಿರುಗುತ್ತಿದ್ದವು, ಇಂಧನವೂ ಎಣ್ಣೆಯೂ ಒಂದೇ ಹೊಟ್ಟೆಯಲ್ಲಿ ಬೆರೆಯುತ್ತಿದ್ದವು. ಖನಿಜದ ಎಣ್ಣೆ ಪೆಟ್ರೋಲಿನಲ್ಲಿ ತೊಳೆದುಹೋಗುತ್ತಿತ್ತು, ಔಡಲ ನಿಲ್ಲುತ್ತಿತ್ತು. ಬಳಸಿದ ಎಣ್ಣೆ ಹೊಗೆಯೊಂದಿಗೆ ಹೊರಕ್ಕೆ ಚಿಮ್ಮಿ ವಿಮಾನ ಚಾಲಕರ ಮುಖಕ್ಕೆ, ಮೂಗಿಗೆ, ಬಾಯಿಗೆ ಬೀಳುತ್ತಿತ್ತು. ಔಡಲೆಣ್ಣೆ ಕುಡಿದವರ ಹೊಟ್ಟೆಗೆ ಏನಾಗುತ್ತದೆಂದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಆ ಚಾಲಕರು ಅದನ್ನೂ ಸಹಿಸಿಕೊಂಡು ಹಾರಿದರು.

ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡ್ 1899ರಲ್ಲಿ ಎಣ್ಣೆಯ ಕಂಪನಿ ಕಟ್ಟಿದರು. ಮೋಟಾರು, ವಿಮಾನಗಳಿಗೆಂದು ಖನಿಜ ಎಣ್ಣೆಗೆ ಔಡಲ ಬೆರೆಸಿ, 1909ರಲ್ಲಿ ಅದಕ್ಕೊಂದು ಹೆಸರಿಟ್ಟರು: ಕ್ಯಾಸ್ಟ್ರಾಲ್. ಇಂಗ್ಲಿಷಿನ ‘ಕ್ಯಾಸ್ಟರ್’ ನಮ್ಮ ಔಡಲವೇ. ಇಂದು ಔರಾದಿನ ಆಟೋಮೊಬೈಲ್ ಅಂಗಡಿಯ ಕಪಾಟಿನಲ್ಲಿ ಕೂತ ಆ ಹೆಸರಿನ ಡಬ್ಬಿಯಲ್ಲಿ ಔಡಲ ಹುಡುಕಿದರೆ ಸಿಗದು. ಎಳ್ಳನ್ನು ಮರೆತ ಎಣ್ಣೆಯ ಹಾಗೆ ಕ್ಯಾಸ್ಟ್ರಾಲೂ ಔಡಲವನ್ನು ಮರೆತು ಬಹಳ ಕಾಲವಾಯಿತು. ಔಡಲಕ್ಕೆ ಕೊರತೆಗಳಿದ್ದವು. ಕಾವಿಗೆ ಅದು ಕ್ರಮೇಣ ಮೇಣದಂತೆ ಗಟ್ಟಿಯಾಗಿ ಎಂಜಿನ್ನಿನೊಳಗೆ ಕಿಟ್ಟ ಕಟ್ಟುತ್ತದೆ.

ಆದರೆ ಔಡಲದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಚಿದ್ರಿಯ ಜನಕ್ಕೆ ವಾಯುಸೇನೆಯ ನಿಲ್ದಾಣದ ಸದ್ದು ದಿನನಿತ್ಯದ್ದು. ಹಾಕ್ ತರಬೇತಿ ಜೆಟ್‌ಗಳು 2008ರ ಫೆಬ್ರುವರಿಯಲ್ಲಿ ವಾಯುಸೇನೆಗೆ ಸೇರಿದ್ದೇ ಬೀದರಿನಲ್ಲಿ. ಸೂರ್ಯಕಿರಣ ತಂಡದ ನೆಲೆಯೂ ಇದೇ. ಜೆಟ್ ಎಂಜಿನ್ನಿನ ಕಾವಿಗೆ ಖನಿಜದ ಎಣ್ಣೆ ತಾಳದೆಂದು ಎಸ್ಟರ್ ಎಂಬ ವರ್ಗದ ಎಣ್ಣೆಗಳನ್ನು ತಯಾರಿಸಿದಾಗ, ಮೊದಲ ತಲೆಮಾರಿನ ಜೆಟ್ ಎಣ್ಣೆಗಳಿಗೆ ಬೇಕಾದ ಸೆಬಾಸಿಕ್ ಆಮ್ಲ ಬಂದದ್ದು ಔಡಲೆಣ್ಣೆಯಿಂದ. ಎತ್ತಿನ ಗಾಡಿಯ ಅಡಿಯ ಕೊಳವೆಯಲ್ಲಿದ್ದ ಬೀಜ ಹೆಸರು ಬದಲಿಸಿಕೊಂಡು ಜೆಟ್ಟಿನವರೆಗೂ ಹೋಯಿತು.

ಇಷ್ಟೆಲ್ಲ ಇದ್ದರೂ ಕೀಲೆಣ್ಣೆ ಎಂಬ ಪದ ಎಂಜಿನ್ನಿಗೆ ಹತ್ತಲಿಲ್ಲ. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಬಾವಿ ಕೊರೆದು ಎಣ್ಣೆ ತೆಗೆದ ಮೇಲೆ ಯಂತ್ರಗಳ ಜಿಡ್ಡು ಬಹುಪಾಲು ನೆಲದಡಿಯಿಂದ ಬರತೊಡಗಿತು. ಯಂತ್ರದ ಜೊತೆಗೇ ‘ಆಯಿಲ್’ ಬಂತು, ‘ಗ್ರೀಸ್’ ಬಂತು. ಹಿಂದಿ ಸೀಮೆಯಲ್ಲಿ ಒಂದು ಕಂಪನಿಯ ಹೆಸರೇ ವಸ್ತುವಿನ ಹೆಸರಾಗಿ ‘ಮೊಬಿಲ್ ಆಯಿಲ್’ ಎಂದು ನಿಂತಿತು. ನಮ್ಮಲ್ಲಿ ಒಂದು ಪಾಲಾಯಿತು: ಒಗ್ಗರಣೆಗೆ, ತಲೆಗೆ, ದೀಪಕ್ಕೆ ಎಣ್ಣಿ, ಗಾಡಿಗೆ ಆಯಿಲ್. ಬಿದರಿ ಕುಶಲಕರ್ಮಿಗಳು ಕೋಟೆಯ ಮಣ್ಣಿನಲ್ಲಿ ಕಪ್ಪಾದ ಪಾತ್ರೆಗೆ ಕೊನೆಯಲ್ಲಿ ಒರೆಸುವುದು ಎಣ್ಣೆಯೇ, ಆಯಿಲ್ ಅಲ್ಲ. ಇದರಲ್ಲಿ ನಷ್ಟವೇನೂ ಇಲ್ಲ. ಆಯಿಲ್ ಈಗ ಕನ್ನಡದ್ದೇ ಪದ. ಅದರ ಮುಂದೆ ಏನು ಸೇರಿಸಬೇಕು ಎಂಬುದನ್ನು ಮಾತ್ರ ನಾವು ಕಲಿಯಬೇಕಾಗಿದೆ.

ಸೇರಿಸಬೇಕಾದ ಮೊದಲ ಮಾತು ಎಣ್ಣೆಯ ಮಂದತನದ್ದು. ಇದಕ್ಕೆ ನಮ್ಮ ವಿಜ್ಞಾನದ ಪುಸ್ತಕಗಳು ‘ಸ್ನಿಗ್ಧತೆ’ ಎನ್ನುತ್ತವೆ. ಸ್ನಿಗ್ಧತೆಯ ಬೇರು ‘ಸ್ನಿಹ್’. ಅಂಟು, ಒಲಿ ಎಂಬ ಅರ್ಥದ ಧಾತು. ಸ್ನೇಹ ಹುಟ್ಟಿದ್ದೂ ಅದರಿಂದಲೇ. ಆಯುರ್ವೇದದಲ್ಲಿ ಸ್ನೇಹ ಎಂದರೆ ಜಿಡ್ಡು: ತುಪ್ಪ, ಎಣ್ಣೆ, ವಸೆ, ಮಜ್ಜೆ ಎಂದು ನಾಲ್ಕು ಸ್ನೇಹಗಳು. ಹಿಂದಿಯಲ್ಲಿ ಯಂತ್ರದ ಎಣ್ಣೆಗೆ ‘ಸ್ನೇಹಕ’ ಎಂದೇ ಹೆಸರು. ಇಂಗ್ಲಿಷಿನ ‘ವಿಸ್ಕಾಸಿಟಿ’ಯ ಬೇರು ಬೇರೆ. ಅದು ಲ್ಯಾಟಿನ್ನಿನ ‘ವಿಸ್ಕಂ’, ಬಂದಣಿಕೆಯ ಜಾತಿಯ ಗಿಡದ ಹಣ್ಣಿನಿಂದ ಮಾಡಿದ ಅಂಟು, ಹಕ್ಕಿ ಹಿಡಿಯಲು ಕೊಂಬೆಗೆ ಬಳಿಯುತ್ತಿದ್ದದ್ದು. ಒಂದೇ ಗುಣದಲ್ಲಿ ಒಬ್ಬರು ಬಲೆಯನ್ನು ಕಂಡರು, ಒಬ್ಬರು ಒಲವನ್ನು ಕಂಡರು. ಎಂಜಿನ್ನಿನ ಮಟ್ಟಿಗೆ ನಮ್ಮವರ ನೋಟ ಹೆಚ್ಚು ಸರಿ ಎಂದು ನನಗನ್ನಿಸುತ್ತದೆ. ಎಣ್ಣೆ ಲೋಹಕ್ಕೆ ಅಂಟಿಯೂ ಇರಬೇಕು, ಅದನ್ನು ಹಿಡಿದು ನಿಲ್ಲಿಸಲೂ ಬಾರದು.

ಡಬ್ಬಿಯ ಮೇಲಿನ ‘5ಡಬ್ಲ್ಯೂ-30’, ‘20ಡಬ್ಲ್ಯೂ-40’ ಇದೇ ಸ್ನಿಗ್ಧತೆಯ ಲೆಕ್ಕ. ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘ ಎಸ್‌ಎಇ 1911ರಲ್ಲಿ ಆರಂಭಿಸಿದ ವರ್ಗೀಕರಣ ಬೆಳೆದು ಈ ರೂಪಕ್ಕೆ ಬಂದಿದೆ. ಡಬ್ಲ್ಯೂ ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ತಣ್ಣಗಿರುವಾಗ ಎಣ್ಣೆ ಸಲೀಸಾಗಿ ಹರಿಯುತ್ತದೆ. ಎಂಜಿನ್ ಹೊತ್ತಿಸುವ ಪರೀಕ್ಷೆಯನ್ನು 5ಡಬ್ಲ್ಯೂ ಎಣ್ಣೆಗೆ ಸೊನ್ನೆಗಿಂತ 30 ಡಿಗ್ರಿ ಕೆಳಗೆ, 20ಡಬ್ಲ್ಯೂಗೆ 15 ಡಿಗ್ರಿ ಕೆಳಗೆ ಮಾಡುತ್ತಾರೆ. ಎರಡನೆಯ ಅಂಕಿ ಎಂಜಿನ್ ಕಾದಾಗಿನದು, 100 ಡಿಗ್ರಿಯಲ್ಲಿ ಅಳೆದದ್ದು: 30ರ ದರ್ಜೆಯೆಂದರೆ 9.3ರಿಂದ 12.5 ಸೆಂಟಿಸ್ಟೋಕ್ಸ್, 40ರದ್ದೆಂದರೆ 12.5ರಿಂದ 16.3.

ಗ್ಯಾರೇಜಿನ ದಖ್ಖನಿಯಲ್ಲಿ ಎಣ್ಣೆಯಲ್ಲಿ ಎರಡೇ ಬಗೆ: ‘ಗಾಢಾ’ ಮತ್ತು ‘ಪತ್ಲಾ’. ‘ನಮ್ಮ ಬ್ಯಾಸಗಿಗಿ ಗಾಢಾನೇ ಬೇಕ್ರಿ’ ಎಂಬ ಸಲಹೆ ಎಲ್ಲೆಡೆ ಕೇಳುತ್ತದೆ. ಹಳೆಯ ಎಂಜಿನ್ನುಗಳ ಕಾಲಕ್ಕೆ ಅದು ತಿಳಿದವರ ಮಾತೇ ಆಗಿತ್ತು. ಈಗಿನ ಕಾರಿಗೆ ಅದು ಹಾನಿ. ಹೊರಗೆ 42 ಡಿಗ್ರಿ ಬಿಸಿಲಿರಲಿ, 12 ಡಿಗ್ರಿ ಚಳಿಯಿರಲಿ, ಓಡುವ ಎಂಜಿನ್ನಿನ ಕಾವನ್ನು ಥರ್ಮೋಸ್ಟಾಟ್ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇಡುತ್ತದೆ. ಇಂದಿನ ಎಂಜಿನ್ನುಗಳ ಎಣ್ಣೆದಾರಿಗಳು ಕಿರಿದು, ಬೇರಿಂಗಿನ ಸಂದು ಕಿರಿದು. ವಾಲ್ವ್ ತೆರೆಯುವ ಹೊತ್ತನ್ನು ಹಿಂದೆಮುಂದೆ ಮಾಡುವ ವ್ಯವಸ್ಥೆಯೂ ಎಷ್ಟೋ ಕಾರುಗಳಲ್ಲಿ ಎಣ್ಣೆಯ ಒತ್ತಡದಿಂದಲೇ ನಡೆಯುತ್ತದೆ. ಅವುಗಳಿಗೆ 0ಡಬ್ಲ್ಯೂ-20, ಕೆಲವಕ್ಕೆ 0ಡಬ್ಲ್ಯೂ-16ರಷ್ಟು ತೆಳುವಾದ ಎಣ್ಣೆಯನ್ನು ತಯಾರಕರು ಹೇಳಿರುತ್ತಾರೆ. ಅಲ್ಲಿಗೆ 20ಡಬ್ಲ್ಯೂ-40 ಸುರಿದರೆ ಬೆಳಿಗ್ಗೆ ಕಾರು ಹೊತ್ತಿಸಿದಾಗ ಎಣ್ಣೆ ಮೇಲಿನ ಭಾಗಗಳಿಗೆ ತಡವಾಗಿ ತಲುಪುತ್ತದೆ, ಸವೆತ ಆಗುವ ಹೊತ್ತೇ ಅದು. ಪೆಟ್ರೋಲೂ ಹೆಚ್ಚು ಸುಡುತ್ತದೆ. ಬಹಳ ಓಡಿ ಎಣ್ಣೆ ಕುಡಿಯತೊಡಗಿದ ಹಳೆಯ ಕಾರಿಗೆ ಒಂದು ದರ್ಜೆ ಮಂದವಾದದ್ದನ್ನು ಹಾಕುವುದುಂಟು, ಕಾರಿನ ಕೈಪಿಡಿ ಅದಕ್ಕೆ ಎಡೆ ಕೊಟ್ಟಿದ್ದರೆ.

ಎರಡನೆಯ ಮಾತು ಕೆಲಸದ್ದು, ಸೊಡರೆಣ್ಣೆ ಕೀಲೆಣ್ಣೆಗಳಲ್ಲಿ ಇದ್ದಂಥದು. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಇದನ್ನು ಎರಡಕ್ಷರದಲ್ಲಿ ಹೇಳುತ್ತದೆ. ಎಸ್‌ನಿಂದ ಶುರುವಾದರೆ ಪೆಟ್ರೋಲ್ ಎಂಜಿನ್ನಿಗೆ, ಸಿಯಿಂದಾದರೆ ಡೀಸೆಲ್ಲಿಗೆ. ಎರಡನೆಯ ಅಕ್ಷರ ಮುಂದುಮುಂದಕ್ಕೆ ಹೋದಷ್ಟೂ ಹೊಸದು: 2010ರಲ್ಲಿ ಎಸ್‌ಎನ್, 2020ರ ಮೇ ತಿಂಗಳಲ್ಲಿ ಎಸ್‌ಪಿ ಬಂತು. ಟೈಮಿಂಗ್ ಚೈನ್ ಸವೆಯದಂತೆ, ಚಿಕ್ಕ ಟರ್ಬೊ ಎಂಜಿನ್ನುಗಳಲ್ಲಿ ಇಂಧನ ಹೊತ್ತಿಗೆ ಮುನ್ನವೇ ಉರಿದು ಪಿಸ್ಟನ್ ಒಡೆಯದಂತೆ ಕಾಯುವ ಪರೀಕ್ಷೆಗಳು ಎಸ್‌ಪಿಯಲ್ಲಿ ಸೇರಿವೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಜಾಲರಿ, ಡಿಪಿಎಫ್, ಇರುತ್ತದೆ. ಎಣ್ಣೆಯಲ್ಲಿ ಬೂದಿಯ ಅಂಶ ಹೆಚ್ಚಿದ್ದರೆ ಆ ಜಾಲರಿ ಕಟ್ಟಿಕೊಳ್ಳುತ್ತದೆ, ಬದಲಿಸಲು ಬಹಳ ದುಡ್ಡು. ಅದಕ್ಕೆ ಬೂದಿ ಕಡಿಮೆಯಿರುವ, ಯುರೋಪಿನ ಗುರುತಿನಲ್ಲಿ ಸಿ2, ಸಿ3 ಎಂದು ಬರೆದ ಎಣ್ಣೆಯೇ ಬೇಕು. ಲಾರಿ, ಟ್ರ್ಯಾಕ್ಟರಿಗೆಂದು ಮನೆಯಲ್ಲಿಟ್ಟ 15ಡಬ್ಲ್ಯೂ-40 ಡಬ್ಬಿಯನ್ನು ಹೊಸ ಡೀಸೆಲ್ ಕಾರಿಗೂ ಸುರಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಾರಿನ ಎಣ್ಣೆಯನ್ನು ಬೈಕಿಗೆ ಹಾಕುವುದೂ ಬೇಡ. ಬಹುತೇಕ ಬೈಕುಗಳ ಕ್ಲಚ್ ಎಂಜಿನ್ನಿನ ಎಣ್ಣೆಯಲ್ಲೇ ಮುಳುಗಿರುವುದರಿಂದ, ಕಾರಿನ ಎಣ್ಣೆಯ ಜಾರಿಕೆಯ ಮದ್ದಿಗೆ ಕ್ಲಚ್ ಜಾರತೊಡಗುತ್ತದೆ. ಅದಕ್ಕೆ ‘ಜಾಸೋ ಎಂಎ’ ಗುರುತು ಬೇಕು.

ಮೂರನೆಯ ಮಾತು ಹುಟ್ಟಿನದು, ‘ಸಿಂಥೆಟಿಕ್’. ಈ ಪದದ ಮೇಲೆ ಎರಡು ದೊಡ್ಡ ಕಂಪನಿಗಳು ಜಗಳಾಡಿದ ಇತಿಹಾಸವಿದೆ. ಕಚ್ಚಾ ಎಣ್ಣೆಯನ್ನೇ ಜಲಜನಕದೊಂದಿಗೆ ತೀವ್ರವಾಗಿ ಸಂಸ್ಕರಿಸಿ ತೆಗೆದದ್ದನ್ನು ಕ್ಯಾಸ್ಟ್ರಾಲ್ ಸಿಂಥೆಟಿಕ್ ಎಂದು ಮಾರುತ್ತಿದೆ, ಅಣು ಅಣು ಜೋಡಿಸಿ ಕಟ್ಟಿದ್ದು ಮಾತ್ರ ಸಿಂಥೆಟಿಕ್ ಎಂದು ಮೊಬಿಲ್ ತಕರಾರು ತೆಗೆಯಿತು. ಅಮೆರಿಕದ ಜಾಹೀರಾತು ಪರಿಶೀಲನಾ ಮಂಡಳಿ 1999ರಲ್ಲಿ ಕ್ಯಾಸ್ಟ್ರಾಲ್ ಪರ ನಿಂತಿತು. ಅಂದಿನಿಂದ ಡಬ್ಬಿಯ ಮೇಲೆ ‘ಸಿಂಥೆಟಿಕ್’ ಎಂದಿದ್ದರೆ ಒಳಗೆ ಯಾವುದಿದೆ ಎಂದು ಆ ಪದವೊಂದರಿಂದ ತಿಳಿಯದು. ಹುಟ್ಟನ್ನು ಹೇಳಲು ಬಂದ ಪದ ‘ಛಲೋದು’ ಎಂಬುದರ ಹತ್ತಿರಕ್ಕೆ ಸರಿದುಹೋಯಿತು. ಆದ್ದರಿಂದ ನನ್ನ ಮಟ್ಟಿಗೆ ಮೊದಲೆರಡು ಮಾತು ಮುಖ್ಯ. ಕೈಪಿಡಿಯಲ್ಲಿ ಬರೆದ ಸ್ನಿಗ್ಧತೆ ಮತ್ತು ದರ್ಜೆ ಡಬ್ಬಿಯ ಮೇಲೂ ಇದ್ದರೆ ಸಾಮಾನ್ಯ ಬೆಲೆಯ ಸರ್ಕಾರಿ ಕಂಪನಿಯ ಎಣ್ಣೆಯೂ ಕಾರಿಗೆ ಒಳ್ಳೆಣ್ಣೆಯೇ. ಅವು ಇಲ್ಲದಿದ್ದರೆ ಎಷ್ಟು ದುಬಾರಿಯದಾದರೂ ಅಲ್ಲ.

ಇನ್ನೊಂದು ಪದ ಉಳಿದಿದೆ: ‘ಜಲಾ ಆಯಿಲ್’, ಸುಟ್ಟ ಆಯಿಲ್. ಕಾರಿನಿಂದ ಇಳಿಸಿದ ಕಪ್ಪು ಎಣ್ಣೆಗೆ ಬೀದರಿನ ಗ್ಯಾರೇಜುಗಳಲ್ಲಿ ಇದೇ ಹೆಸರು. ನಿಜಕ್ಕೂ ಅದು ಸುಟ್ಟದ್ದಲ್ಲ. ಎಣ್ಣೆಯಲ್ಲಿ ಬೆರೆಸಿದ ಮಾರ್ಜಕಗಳು ಮಸಿಯನ್ನು ಹಿಡಿದು ತೇಲಿಸಿಟ್ಟಿರುವುದರಿಂದ ಅದು ಕಪ್ಪು, ಡೀಸೆಲ್ಲಿನಲ್ಲಿ ಬದಲಿಸಿದ ಕೆಲವೇ ದಿನಕ್ಕೆ ಕಪ್ಪಾಗುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಕಪ್ಪು ಕಂಡೊಡನೆ ಕೆಟ್ಟಿತೆಂದು ಗಾಬರಿಯಾಗುವುದು ಬೇಡ, ಕೈಪಿಡಿ ಹೇಳಿದ ಕಿಲೋಮೀಟರ್ ಅಥವಾ ತಿಂಗಳು, ಯಾವುದು ಮೊದಲೋ ಅದನ್ನು ಪಾಲಿಸಿದರೆ ಸಾಕು. ಆದರೆ ಇಳಿಸಿದ ಆ ಎಣ್ಣೆಯಲ್ಲಿ ಸವೆದ ಲೋಹವೂ ವಿಷದ ಅಂಶಗಳೂ ಇರುತ್ತವೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿಯಲ್ಲಿ ಅದು ಬರುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲ ನೀರನ್ನು ಸೋಸಿ ಒಳಕ್ಕೆ ಇಳಿಸುತ್ತದೆ; ನೌಬಾದಿನ ಕರೇಜ್, ಆ ಸುರಂಗ ಬಾವಿ, ಬಹಮನಿಯರ ಕಾಲದಿಂದ ಉಳಿದದ್ದು ಇದೇ ನೆಲದ ಗುಣದಿಂದ. ಗ್ಯಾರೇಜಿನ ಹಿಂದೆ ಚೆಲ್ಲಿದ ಎಣ್ಣೆಯೂ ಅದೇ ದಾರಿ ಹಿಡಿಯುತ್ತದೆ. 2024ರ ಏಪ್ರಿಲ್‌ನಿಂದ ಎಣ್ಣೆ ತಯಾರಿಸುವ ಕಂಪನಿಗಳೇ ಬಳಸಿದ ಎಣ್ಣೆಯ ಮರುಬಳಕೆಗೆ ಹೊಣೆ ಎಂದು ಕೇಂದ್ರದ ನಿಯಮ ಹೇಳುತ್ತದೆ. ಪರವಾನಗಿ ಇರುವ ಘಟಕಕ್ಕೆ ಹೋದ ಜಲಾ ಆಯಿಲ್ ಸೋಸಿ, ಬಟ್ಟಿಯಿಳಿದು ಮತ್ತೆ ಮೂಲ ಎಣ್ಣೆಯಾಗುತ್ತದೆ. ಹೊಸ ಮದ್ದು ಬೆರೆಸಿ ಎಸ್‌ಎಇ, ಎಪಿಐ ಪರೀಕ್ಷೆಗಳಲ್ಲಿ ಗೆದ್ದರೆ ಆ ಡಬ್ಬಿಯ ಮೇಲೂ ಅದೇ ಅಂಕಿ, ಅದೇ ಅಕ್ಷರ ಬರೆಯುತ್ತಾರೆ.